ಪನಸಪುರದ ಸರೋವರ

ನನ್ನ ಸೋದರತ್ತೆಯ ಪ್ರಕಾರ ಈ ಭೂಮಿಯ ಮೇಲೆ ಸ್ವಂತವಾಗಿ ಒಂದು ವಾಕ್ಯ ಬರೆದವರು ಬೆರಳೆಣಿಕೆಯಷ್ಟು ಜನ. ಉಳಿದ ನಾವೆಲ್ಲ ನಕಲುಗಾರರು, ಇನ್ನೂ ಸಿಕ್ಕಿಬಿದ್ದಿಲ್ಲ ಅಷ್ಟೆ!

ಅತ್ತೆ ಇರುವುದು ಜೋಗುಪಾಳ್ಯದಲ್ಲಿ. ಕಾಲೇಜಿನಲ್ಲಿ ಇತಿಹಾಸ ಕಲಿಸಿ ನಿವೃತ್ತರಾದ ಮೇಲೆ ಒಂದು ಸಂಶೋಧನಾ ಪತ್ರಿಕೆಗೆ ಸಂಬಳವಿಲ್ಲದ ಸಂಪಾದಕಿ. ಆ ಕೆಲಸದ ಚಾಳಿ ಮನೆಗೂ ಬಂದಿದೆ. ಕೆಳಗಿನ ಮನೆಯವರು ದಿನಾ ಬೆಳಿಗ್ಗೆ ವಾಟ್ಸಾಪ್‌ನಲ್ಲಿ ಸುಭಾಷಿತ ಕಳಿಸುತ್ತಿದ್ದರು. ಮೂಲ ಯಾವುದು ಎಂದು ಅತ್ತೆ ಕೇಳಿದರು. ಪಾಪ, ಅವರು ಸುಭಾಷಿತ ಬಿಟ್ಟು ಬರೀ ಗುಲಾಬಿಯ ಚಿತ್ರ ಕಳಿಸತೊಡಗಿದರು. ಫೋಟೋ ತೆಗೆದವರು ಯಾರು ಎಂದು ಅತ್ತೆ ಕೇಳಿದರು. ಈಗ ಆ ಮನುಷ್ಯ ಮೆಟ್ಟಿಲಲ್ಲಿ ಎದುರಾದರೂ ಬಾಯಿ ಬಿಡುವುದಿಲ್ಲ.

ಇಂಥ ಅತ್ತೆಗೆ ಕಣ್ಣಿನ ಪೊರೆ ಆಪರೇಷನ್ ಆಯಿತು. ಅವರು ಮಲಗಿದ್ದಾಗಲೇ ಪತ್ರಿಕೆಯ ಒಂದು ಸಂಚಿಕೆ ಹೊರಬಂತು. ಪಟ್ಟಿ ಬಿಚ್ಚಿ, ಓದಲು ಡಾಕ್ಟರ್ ಒಪ್ಪಿದ್ದೇ ತಡ, ಹೊಸ ಕಣ್ಣಿಗೆ ಮೊದಲು ಬಿದ್ದದ್ದು ಅದರಲ್ಲಿದ್ದ ಕೆರೆಗಳ ಲೇಖನ. ಬರೆದವರು ಒಂದು ಕಾಲೇಜಿನ ಪ್ರಾಂಶುಪಾಲರು. ಹಲಸೂರು ಕೆರೆ ಅದರಲ್ಲಿ ‘ಪನಸಪುರದ ಸರೋವರ’ ಆಗಿತ್ತು! ನಕಲು ಹಿಡಿಯುವ ಸಾಫ್ಟ್‌ವೇರ್‌ಗೆ ಗೊತ್ತಾಗಬಾರದೆಂದು ಹಲಸನ್ನು ಪನಸ ಮಾಡಿದಂತೆ ಸಿಕ್ಕ ಪದಕ್ಕೆಲ್ಲ ಸಂಸ್ಕೃತದ ಪಂಚೆ ಉಡಿಸಿದ್ದರು. ಆದರೆ ಅತ್ತೆ ಸಾಫ್ಟ್‌ವೇರ್ ಅಲ್ಲವಲ್ಲ. ಹಿಂದೆ ಅವರೇ ಪರೀಕ್ಷಕರಾಗಿ ಓದಿದ್ದ ನಸ್ರೀನ್ ಎಂಬ ಹುಡುಗಿಯ ಪಿಎಚ್.ಡಿ. ಪ್ರಬಂಧದ ಇಡೀ ಅಧ್ಯಾಯ ಅದು.

ಕಳ್ಳ ಸಿಕ್ಕಿಬಿದ್ದ ಎಂದೆ ನಾನು. ಅತ್ತೆ ಗದರಿದರು. ವಿಚಾರಣೆ ಮುಗಿಯುವ ತನಕ ಆ ಪದ ಬಳಸಕೂಡದಂತೆ. ಮೊದಲು ಎರಡನ್ನೂ ಪಕ್ಕಪಕ್ಕ ಇಟ್ಟು ಹೋಲಿಸಬೇಕು, ಲೇಖಕರಿಂದ ಮರ್ಯಾದೆಯಾಗಿ ವಿವರಣೆ ಕೇಳಬೇಕು, ಉತ್ತರಕ್ಕೆ ಕಾಯಬೇಕು. ಗುಲಾಬಿ ಹೂವಿಗಿಲ್ಲದ ಮರ್ಯಾದೆ ಪ್ರಾಂಶುಪಾಲರಿಗೆ!

ಅವರು ಫೋನಿನಲ್ಲೇ ವಿವರಣೆ ಕೊಟ್ಟರು. “ಒಂದೇ ಕೆರೆಯನ್ನ ಇಬ್ಬರು ನೋಡಿದ್ರೆ ಒಂದೇ ನೀರು ಕಾಣತ್ತೆ ಮೇಡಂ.”

“ನೀರು ಒಂದೇ ಇರಬಹುದು ಸಾರ್,” ಎಂದರು ಅತ್ತೆ. “ಅಡಿಟಿಪ್ಪಣಿಯ ಕಾಗುಣಿತದ ತಪ್ಪೂ ಒಂದೇ ಇರತ್ತಾ?”

ಆಮೇಲೆ ಪ್ರಾಂಶುಪಾಲರು, ಅದನ್ನು ಟೈಪ್ ಮಾಡಿದ್ದು ತಮ್ಮ ಸಹಾಯಕ ಎಂದರು. ಅತ್ತೆ ಕ್ರಮ ತಪ್ಪದೆ ಅವರ ಕಾಲೇಜಿಗೆ ಬರೆದರು. ಕಾಲೇಜು ತಕ್ಷಣ ವಿಚಾರಣಾ ಸಮಿತಿ ರಚಿಸಿತು. ಅಧ್ಯಕ್ಷರು ಯಾರು ಗೊತ್ತೆ? ಪ್ರಾಂಶುಪಾಲರೇ! ತಮ್ಮಲ್ಲಿ ಯಾವ ದೋಷವೂ ಕಾಣಲಿಲ್ಲವೆಂದು ಅವರು ಅವಿರೋಧವಾಗಿ ತೀರ್ಮಾನಿಸಿದರು.

ಇಷ್ಟಾದ ಮೇಲೆ ಸಂಪಾದಕ ಮಂಡಳಿ ಇಂದಿರಾನಗರದ ಒಂದು ಹೋಟೆಲಿನಲ್ಲಿ ಸೇರಿತು. ಅತ್ತೆಯನ್ನು ಕರೆದೊಯ್ದಿದ್ದ ನನಗೂ ಮಸಾಲೆ ದೋಸೆ ಸಿಕ್ಕಿತು. ದೊಡ್ಡವರ ವಿಷಯ, ಸದ್ದಿಲ್ಲದೆ ಲೇಖನವನ್ನು ವೆಬ್‌ಸೈಟಿನಿಂದ ತೆಗೆದುಬಿಡೋಣ ಎಂಬುದು ಎಲ್ಲರ ಅಭಿಪ್ರಾಯ. ಒಬ್ಬರಂತೂ, ಕದಿಯುವಷ್ಟು ಚೆನ್ನಾಗಿದೆಯಲ್ಲ, ಆ ಹುಡುಗಿ ಹೆಮ್ಮೆಪಡಬೇಕು ಎಂದರು.

ಅತ್ತೆ ಕಾಫಿ ಲೋಟ ಕೆಳಗಿಟ್ಟರು. “ತೆಗೆದ್ರೆ ಸಾಲದು. ಯಾಕೆ ತೆಗೆದ್ವಿ ಅಂತ ಅಚ್ಚು ಹಾಕ್ಬೇಕು. ಇಲ್ಲದಿದ್ರೆ ನನ್ನ ಹೆಸರು ತೆಗೀರಿ.”

ಸಂಬಳವಿಲ್ಲದೆ ಕರಡು ತಿದ್ದುವ ಇನ್ನೊಬ್ಬರು ಎಲ್ಲಿ ಸಿಗುತ್ತಾರೆ? ಮಂಡಳಿ ಒಪ್ಪಿತು. ನಸ್ರೀನ್ ಅವರ ಕೃತಿಯಿಂದ ಎತ್ತಿದ ಕಾರಣಕ್ಕೆ ಲೇಖನ ಹಿಂಪಡೆಯಲಾಗಿದೆ ಎಂಬ ಪ್ರಕಟಣೆ ಮುಂದಿನ ಸಂಚಿಕೆಯ ಮೊದಲ ಪುಟದಲ್ಲೇ ಬಂತು. ಪ್ರಾಂಶುಪಾಲರು ಕೋರ್ಟಿಗೆ ಹೋಗುತ್ತೇನೆಂದರು. ಹೋಗಲಿಲ್ಲ.

ಸಂಚಿಕೆಯನ್ನು ನಸ್ರೀನ್‌ಗೆ ಕೈಯಾರೆ ಕೊಡಬೇಕೆಂದು ಅತ್ತೆ ಹಟ ಹಿಡಿದರು. ಭಾನುವಾರ ಫ್ರೇಜರ್ ಟೌನಿನ ಅವರ ಮನೆಗೆ ಕರೆದುಕೊಂಡು ಹೋದೆ. ನಸ್ರೀನ್ ಕಾಲೇಜುಗಳಲ್ಲಿ ಕೆಲಸ ಸಿಗದೆ, ಸಂಶೋಧನೆ ಬಿಟ್ಟು ವಿಮಾನಪುರದ ಶಾಲೆಯೊಂದರಲ್ಲಿ ಪಾಠ ಮಾಡುತ್ತಿದ್ದರು. ಪ್ರಕಟಣೆಯನ್ನು ಎರಡು ಸಲ ಓದಿದರು. ಕೋಪ ಬರುತ್ತದೆಂದು ನಾನು ಕಾದೆ. ಅವರು ಬೇರೇನೋ ಕೇಳಿದರು.

“ಅದನ್ನ ಯಾರೂ ಓದಿಲ್ಲ ಅಂದ್ಕೊಂಡಿದ್ದೆ ಮೇಡಂ. ನಿಮಗೆ ಇನ್ನೂ ನೆನಪಿದೆಯಾ?”

ಅತ್ತೆ ಕಣ್ಣು ಮುಚ್ಚಿಕೊಂಡರು. “‘ಕೆರೆಗೆ ನೀರು ಬರುವ ದಾರಿ ಯಾವುದೆಂದು ಕೇಳಿದರೆ, ಆ ಓಣಿಯ ಹೆಂಗಸರು ಅಪಾರ್ಟ್‌ಮೆಂಟಿನ ಗೋಡೆಯತ್ತ ಬೆರಳು ತೋರಿಸಿದರು.’ ನಿನ್ನ ಮೂರನೇ ಅಧ್ಯಾಯ ಶುರುವಾಗೋದೇ ಹೀಗೆ. ಇಂಥ ವಾಕ್ಯ ಮರೆಯೋದು ಹೇಗಮ್ಮ?”

ನಸ್ರೀನ್ ದುಪಟ್ಟಾದ ಅಂಚಿನಿಂದ ಕಣ್ಣೊರೆಸಿಕೊಂಡು ಒಳಗಿದ್ದ ಅಮ್ಮನನ್ನು ಕೂಗಿ ಕರೆದರು. ಅತ್ತೆಯ ಪಕ್ಕ ಕೂರಿಸಿ, ಇನ್ನೊಂದು ಸಲ ಹೇಳುತ್ತೀರಾ ಮೇಡಂ ಎಂದು ಕೇಳಿದರು. ಅತ್ತೆ ಹೇಳಿದರು, ನಿಧಾನವಾಗಿ, ಒಂದಕ್ಷರ ಬಿಡದೆ. ಮಗಳು ಒಂದೊಂದೇ ತುಂಡನ್ನು ತಮ್ಮ ಮನೆಮಾತಿಗೆ ತಿರುಗಿಸಿ ಅಮ್ಮನಿಗೆ ಹೇಳುತ್ತಾ ಹೋದರು.