ಉಸ್ತಾದರ ಮುಂದೆ ವಿದೇಶಿ ಕುಸ್ತಿ

"ಈ ಭಾನುವಾರ ಸಂಜೆಯೊಳಗೆ ಸಂಬಂಧ ಗಟ್ಟಿ ಮಾಡ್ದೆ ಹೋದ್ರೆ ಅರ್ಧ ಮೀಸೆ ಬೋಳಿಸ್ಕೊತೀನಿ!" ಎಂದು ಹೊನ್ನಾಳಿಯ ಸೈಕಲ್ ಶಾಪ್ ಓಂಕಾರಪ್ಪ ಅಡುಗೆಮನೆ ಬಾಗಿಲಲ್ಲಿ ನಿಂತು ಭೀಷ್ಮಪ್ರತಿಜ್ಞೆ ಮಾಡಿದ.

"ಇರೋದೇ ಅಷ್ಟು ಮೀಸೆ," ಎಂದಳು ಹೆಂಡತಿ ಹನುಮಂತಮ್ಮ, ರೊಟ್ಟಿ ತಟ್ಟುವುದನ್ನು ನಿಲ್ಲಿಸದೆ.

ಮಗಳು ಅಂಜಿನಮ್ಮನನ್ನು ನ್ಯಾಮತಿಯ ಮೇಷ್ಟ್ರು ಹುಡುಗ ನೋಡಿ ಒಪ್ಪಿದ್ದ. ಅವಳೂ ಒಪ್ಪಿದ್ದಳು, ಎರಡು ದಿನ ಅಡುಗೆಗೆ ಉಪ್ಪು ಹಾಕುವುದನ್ನೇ ಮರೆತಿದ್ದಳು. ಇನ್ನು ಬಾಕಿ ಇದ್ದದ್ದು ಹುಡುಗನ ತಂದೆಯ ಒಂದು ಮಾತು. ಆ ತಂದೆಯೋ ಗೋವಿನಕೋವಿಯ ಗರಡಿ ಉಸ್ತಾದ್ ಬಂಗಾರಪ್ಪನವರು! ಮಾತಿಗೆ ತಪ್ಪಿದವನ ಮನೆಯಲ್ಲಿ ನೀರೂ ಕುಡಿಯದ ಆಸಾಮಿ.

ಇಂಥವರನ್ನು ಬಸ್ ಸ್ಟ್ಯಾಂಡಿನಲ್ಲಿ ಕಂಡಾಗ ಓಂಕಾರಪ್ಪ ಸುಮ್ಮನೆ ನಮಸ್ಕಾರ ಮಾಡಿ ಬರಬಾರದಿತ್ತೆ? ನಾಲಿಗೆ ಕೇಳಬೇಕಲ್ಲ! "ನಮ್ಮನೇಲಿ ಟೀವಿ ಐತೆ ರೀ. ದಿನಾ ವಿದೇಶಿ ಕುಸ್ತಿ ನೋಡ್ತೀವಿ. ಭಾನುವಾರ ಬರ್ರಿ, ಎಂಥೆಂಥ ಪೈಲ್ವಾನ್ರನ್ನ ತೋರಿಸ್ತೀನಿ!" ಎಂದುಬಿಟ್ಟ. ಉಸ್ತಾದರ ಕಣ್ಣು ಅರಳಿತು. "ಹನ್ನೊಂದಕ್ಕೆ ಬರ್ತೀನಿ. ಕುಸ್ತಿ ನೋಡಿ, ಅಲ್ಲೇ ಮಾತು ಕೊಡ್ತೀನಿ," ಎಂದರು.

ಓಂಕಾರಪ್ಪನ ಮನೆಯಲ್ಲಿ ಇದ್ದದ್ದು ಒಂದು ರೇಡಿಯೋ. ಅದೂ ತಲೆಗೆ ಮೊಟಕಿದರೆ ಮಾತ್ರ ಮಾತಾಡುತ್ತಿತ್ತು.

ವಿಡಿಯೋ ಅಂಗಡಿ ಗಿಡ್ಡಪ್ಪನ ಕೈಕಾಲು ಹಿಡಿದದ್ದಾಯಿತು. ಟೀವಿ, ಕ್ಯಾಸೆಟ್ಟು ಹಾಕುವ ಪೆಟ್ಟಿಗೆ, ಒಂದು ಕುಸ್ತಿ ಕ್ಯಾಸೆಟ್ಟು ಬಾಡಿಗೆಗೆ ಬಂದವು. "ನಾಲ್ಕಕ್ಕೆ ಕತ್ತಲಗೆರೆ ಮದುವೆ ಮನೆಗೆ ಒಯ್ಯಬೇಕಣ್ಣ. ಒಂದು ನಿಮಿಷ ಆಚೀಚೆ ಆಗಂಗಿಲ್ಲ," ಎಂದು ಗಿಡ್ಡಪ್ಪ ಆಣೆ ಹಾಕಿಸಿಕೊಂಡ. ಟೀವಿ ಇರುವ ಮನೆಗೆ ಆಂಟೆನಾ ಇಲ್ಲದಿದ್ದರೆ ಹೇಗೆ? ಬಿದಿರು ಗಳಕ್ಕೆ ಹಳೇ ಸೈಕಲ್ಲಿನ ಕಡ್ಡಿಗಳನ್ನು ಕಟ್ಟಿ ಹೆಂಚಿನ ಮೇಲೆ ಏರಿಸಿದ. ಅದಕ್ಕೂ ಕೆಳಗಿನ ಟೀವಿಗೂ ಯಾವ ಸಂಬಂಧವೂ ಇರಲಿಲ್ಲ.

"ರೀ, ಬಾಡಿಗೇದು ಅಂತ ಹೇಳಿಬಿಡ್ರಿ. ಅವ್ರೇನು ಟೀವಿ ನೋಡಿ ಹೆಣ್ಣು ತಗಂತಾರಾ?" ಎಂದಳು ಹನುಮಂತಮ್ಮ.

"ನಿಂಗೆ ದೊಡ್ಡಸ್ತಿಕೆ ತಿಳಿಯಂಗಿಲ್ಲ, ಸುಮ್ನಿರು!"

ಹನ್ನೊಂದಾಯಿತು, ಉಸ್ತಾದರಿಲ್ಲ. ಹನ್ನೆರಡು, ಒಂದು, ಎರಡು. ಬಸ್ಸು ದಾರಿಯಲ್ಲಿ ಕೆಟ್ಟಿತ್ತಂತೆ! ಅವರು ಬೆವರು ಒರೆಸಿಕೊಳ್ಳುತ್ತ ಹೊಸ್ತಿಲು ದಾಟಿದಾಗ ಎರಡೂವರೆ. ಊಟ ಮುಗಿಸಿ ಕೈತೊಳೆದಾಗ ಮೂರೂ ಕಾಲು. ಓಂಕಾರಪ್ಪ ಒದ್ದೆ ಕೈಯಲ್ಲೇ ಕ್ಯಾಸೆಟ್ಟು ತುರುಕಿದ.

ಕ್ಯಾಸೆಟ್ಟು ಓಡಿತು. ಒಂದು ಕಡೆ ಹಳದಿ ಕೂದಲಿನವ, ಇನ್ನೊಂದು ಕಡೆ ಎದೆಮಟ್ಟದ ಗಡ್ಡದವ.

"ಇದೇನ್ರಿ ಓಂಕಾರಪ್ಪಾರೆ, ಬೂಟು ಹಾಕ್ಕೊಂಡು ಅಖಾಡಕ್ಕೆ ಇಳಿದಾರೆ? ಮಣ್ಣು ಮುಟ್ಟಿ ಕೈಮುಗಿಯದೂ ಇಲ್ವಾ?"

"ಅಲ್ಲಿ ಮಣ್ಣಿಲ್ಲ ರೀ, ಚಳಿ ದೇಶ," ಎಂದು ಓಂಕಾರಪ್ಪ ಏನೋ ಒಂದು ಒದರಿದ.

ಅಷ್ಟರಲ್ಲಿ ಹಳದಿ ಕೂದಲಿನವನು ಗಡ್ಡದವನನ್ನು ಎತ್ತಿ ಧೊಪ್ಪೆಂದು ಅಂಗಾತ ಕೆಡವಿದ. "ಶಭಾಷ್! ಚಿತ್!" ಎಂದು ಉಸ್ತಾದರು ತೊಡೆ ತಟ್ಟಿದರು. "ಬೆನ್ನು ಮುಟ್ತು, ಕುಸ್ತಿ ಮುಗೀತು. ಮುಂದಿನ ಜೋಡಿ ಬಿಡ್ರಿ!"

ಮುಗಿದಿರಲಿಲ್ಲ. ರೆಫರಿ ನೆಲ ಬಡಿದು ಎಣಿಸತೊಡಗಿದ. ಒಂದು, ಎರಡು ಎನ್ನುವಷ್ಟರಲ್ಲಿ ಗಡ್ಡದವನು ಮೈ ಕೊಡವಿಕೊಂಡು ಎದ್ದ!

ಉಸ್ತಾದರು ತಾವೂ ಎದ್ದು ನಿಂತರು. "ಬೆನ್ನು ಮುಟ್ಟಿದ ಮ್ಯಾಲೆ ಏಳ್ತಾನಲ್ರೀ! ನಾಚಿಕೆ ಇಲ್ವಾ ಇವನಿಗೆ?"

"ಅಲ್ಲಿ ಮೂರು ಎಣಿಸಬೇಕು ರೀ. ಮೂರರೊಳಗೆ ಎದ್ರೆ ಸೋತಂಗಲ್ಲ."

"ಮೂರು ಎಣಿಸಾಕೆ ಅದೇನು ತೆಂಗಿನಕಾಯಿ ವ್ಯಾಪಾರವಾ? ಸೋತಾಗ ಸೋತೆ ಅನ್ನೋನು ಗಂಡಸು. ಕೂತ್ಕೊಳ್ರಿ. ಆ ಗಡ್ಡದೋನು ಒಪ್ಪಿಕೊಳ್ಳೋತನಕ ನಾನು ಇಲ್ಲಿಂದ ಹೋಗಂಗಿಲ್ಲ, ಮಾತೂ ಕೊಡಂಗಿಲ್ಲ!"

ಗಡ್ಡದವನು ಒಪ್ಪಿಕೊಳ್ಳುವ ಪೈಕಿಯೇ ಅಲ್ಲ. ಬಿದ್ದ, ಎದ್ದ. ಮತ್ತೆ ಬಿದ್ದ, ಮತ್ತೆ ಎದ್ದ. ರೆಫರಿ ಅತ್ತ ತಿರುಗಿದಾಗ ಕುರ್ಚಿ ತೆಗೆದು ಎದುರಾಳಿಯ ಬೆನ್ನಿಗೆ ಬಾರಿಸಿದ. ಉಸ್ತಾದರು ಟೀವಿಯ ಹತ್ತಿರ ಹೋಗಿ, "ಲೇ, ಹಿಂದೆ ನೋಡಲೇ!" ಎಂದು ರೆಫರಿಗೆ ಕೂಗಿದರು. ಗೋಡೆ ಗಡಿಯಾರ ಮೂರು ಮುಕ್ಕಾಲು ತೋರಿಸುತ್ತಿತ್ತು.

"ಗೋವಿನಕೋವಿ ಬಸ್ಸಿಗೆ ಹೊತ್ತಾತು ರೀ," ಎಂದ ಓಂಕಾರಪ್ಪ ಮೆಲ್ಲಗೆ.

"ಹೋಗ್ಲಿ ಬಿಡ್ರಿ ಬಸ್ಸು. ನ್ಯಾಯ ಮುಖ್ಯ."

ಕರೆಂಟು ಹೋಗದಿರಲಿ ಎಂದು ವಾರವೆಲ್ಲ ದೇವರಿಗೆ ತುಪ್ಪದ ದೀಪ ಹಚ್ಚಿದ ಪುಣ್ಯಾತ್ಮ ಈಗ ಅದೇ ದೇವರಿಗೆ, 'ಒಂದೇ ಒಂದು ಸಲ ಕರೆಂಟು ತೆಗಿಯಪ್ಪಾ' ಎಂದು ಒಳಗೊಳಗೇ ಅಡ್ಡಬಿದ್ದ. ವರ್ಷವಿಡೀ ಹೇಳದೆ ಕೇಳದೆ ಹೋಗುತ್ತಿದ್ದ ಕರೆಂಟು ಅವತ್ತು ಬೀಗರಿಗಿಂತ ಗಟ್ಟಿಯಾಗಿ ಕೂತಿತ್ತು. ಬಾಗಿಲ ಸಂದಿಯಲ್ಲಿ ಅಂಜಿನಮ್ಮನ ಮುಖ ಬಿಳಿಚಿಕೊಂಡಿತ್ತು. ಅದನ್ನು ನೋಡಿ ಓಂಕಾರಪ್ಪನ ಕರುಳು ಚುರ್ ಎಂದಿತು. ಇವಳ ಬಾಳು ತನ್ನ ಬಾಯಿಂದ ಹಾಳಾಗುತ್ತದಲ್ಲ!

ಸರಿಯಾಗಿ ನಾಲ್ಕಕ್ಕೆ ಹೊರಗೆ ಕೈಗಾಡಿಯ ಸದ್ದಾಯಿತು. "ಓಂಕಾರಪ್ಪಣ್ಣಾ, ಟೈಮಾತು, ಟೀವಿ ಕೊಡ್ರಿ!"

ಉಸ್ತಾದರು ತಿರುಗಿ ನೋಡಿದರು. "ಯಾರು ಇವರು?"

"ನಮ್ಮ... ರಿಪೇರಿಯೋರು. ಟೀವಿ ಸ್ವಲ್ಪ ಕೆಟ್ಟೈತೆ."

"ಚೆನ್ನಾಗೇ ಬರ್ತೈತಲ್ರೀ!"

"ಅಂದ್ರೆ, ಕೆಡೋ ಮುಂಚೇನೇ ತೋರಿಸ್ತೀವಿ ನಾವು."

"ಎಂಥ ರಿಪೇರಿನಣ್ಣ? ಮದುವೆ ಮನೆಯೋರು ಕಾಯ್ತಾ ಕುಂತಾರೆ!" ಎಂದ ಗಿಡ್ಡಪ್ಪ.

"ಹ್ಞಾ, ಮದುವೆ ಮನೆ! ಪಾಪ, ಬಡವ್ರು ರೀ. ಧರ್ಮಕ್ಕೆ ಕೊಡ್ತಾ ಇದೀನಿ ನಮ್ಮ ಟೀವೀನ."

"ಧರ್ಮಕ್ಕಾ?" ಗಿಡ್ಡಪ್ಪ ಬಾಯಿ ಬಿಟ್ಟುಕೊಂಡು ನಿಂತ. ಉಸ್ತಾದರ ಹುಬ್ಬು ಗಂಟಿಕ್ಕಿತು. ಓಂಕಾರಪ್ಪ ಇನ್ನೊಂದು ಸುಳ್ಳಿಗಾಗಿ ಉಸಿರೆಳೆದುಕೊಳ್ಳುತ್ತಿದ್ದ. ಆಗ ಹನುಮಂತಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು.

"ರೀ, ಬೆನ್ನು ಮುಟ್ಟೈತೆ. ಬಿಡ್ರಿ."



"ಟೀವಿ ಬಾಡಿಗೇದು ಅಣ್ಣಾರೆ," ಎಂದಳು ಉಸ್ತಾದರಿಗೆ. "ಮ್ಯಾಲಿರೋ ಆಂಟೆನಾ ಸೈಕಲ್ ಕಡ್ಡಿ. ನಮ್ಮವ್ರಿಗೆ ಮಗಳ ಮ್ಯಾಲೆ ಆಸೆ ಜಾಸ್ತಿ, ಬಾಯಿ ಅದಕ್ಕಿಂತ ಜಾಸ್ತಿ. ನೀವು ಬ್ಯಾಡ ಅಂದ್ರೂ ಬೇಜಾರಿಲ್ಲ. ಆದ್ರೆ ಸುಳ್ಳಿನ ಮ್ಯಾಲೆ ನನ್ನ ಮಗಳನ್ನ ಕಳಿಸಂಗಿಲ್ಲ."

ಓಂಕಾರಪ್ಪನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಉಸ್ತಾದರು ಅವನನ್ನೇ ದಿಟ್ಟಿಸಿದರು. "ಓಂಕಾರಪ್ಪಾರೆ, ಒಂದು ಮಾತು ಕೇಳ್ತೀನಿ. ಹುಡುಗಿ ಯಾರ ಹಂಗೆ? ತಾಯಿ ಹಂಗೋ, ನಿಮ್ಮ ಹಂಗೋ?"

ಬೆಳಗಿನಿಂದ ಓಂಕಾರಪ್ಪನ ಬಾಯಿಂದ ಹೊರಟ ಮೊದಲ ನಿಜ ಆಗ ಹೊರಟಿತು. "ತಾಯಿ ಹಂಗೆ ರೀ."

"ದೇವ್ರಾಣೆಗೂ?"

"ದೇವ್ರಾಣೆಗೂ. ನನ್ನ ಹಂಗೆ ಒಂದಿಷ್ಟೂ ಇಲ್ಲ."

"ಹಂಗಾದ್ರೆ ಎಲೆ ಅಡಿಕೆ ತರ್ರಿ," ಎಂದರು ಉಸ್ತಾದರು. ಒಳಗೆ ಪಾತ್ರೆಯೊಂದು ಢಣ್ಣೆಂದು ಬಿತ್ತು. ಅಂಜಿನಮ್ಮನ ಕೈಯಿಂದಲೇ ಇರಬೇಕು.

ಗಿಡ್ಡಪ್ಪ ವೈರು ಕಿತ್ತು ಟೀವಿಯನ್ನು ಎತ್ತಿಕೊಂಡ. ಉಸ್ತಾದರು ತಾಂಬೂಲ ಮೆಲ್ಲುತ್ತ ಅದನ್ನೇ ನೋಡಿದರು. ಆಮೇಲೆ ಓಂಕಾರಪ್ಪನ ಹೆಗಲ ಮೇಲೆ ಮಣಭಾರದ ಕೈ ಇಟ್ಟು ಹೇಳಿದರು:

"ಪಾಪ, ಆ ಗಡ್ಡದೋನಿಗೂ ಇಂಥ ಹೆಂಡ್ತಿ ಇದ್ದಿದ್ರೆ ಯಾವಾಗ್ಲೋ ಸುಧಾರಿಸ್ತಿದ್ದ, ಬೀಗರೇ!"