ಸ್ವಯಂಚಾಲಿತ ಯಂತ್ರದ ಬಿಡಿಭಾಗ

ಮೂರನೇ ಮಹಡಿಯ ಮನೆಯಲ್ಲಿರುವ ಬಟ್ಟೆ ಒಗೆಯುವ ಯಂತ್ರವು ಸಂಪೂರ್ಣ ಸ್ವಯಂಚಾಲಿತವಾಗಿದ್ದು, ಅದನ್ನು ನಡೆಸಲು ಮನೆಯ ಹಿರಿಸೊಸೆಯೊಬ್ಬಳಿದ್ದರೆ ಸಾಕು.

ಯಂತ್ರದ ಮುಖದ ಮೇಲೆ ಒಂದು ದೊಡ್ಡ ತಿರುಗುಗುಂಡಿ. ಅದರ ಸುತ್ತ ಗರಿ, ಅರ್ಧಚಂದ್ರ, ಮಂಜಿನ ಹರಳು, ಗೆರೆ ಎಳೆದ ಬಕೆಟ್ಟು ಮುಂತಾದ ಚಿತ್ರಗಳು. ಗರಿ ಎಂದರೆ ಕಂಬಳಿ. ಅರ್ಧಚಂದ್ರ ಎಂದರೆ ಏನೆಂದು ಕಂಪನಿ ತಿಳಿಸಿಲ್ಲ. ಅಂಗಿ, ಪ್ಯಾಂಟು ಒಗೆಯಬೇಕಾದರೆ ಗುಂಡಿಯನ್ನು ಚಂದ್ರನಿಂದಾಚೆಗೆ ದಾಟಿಸಿ, ಬಕೆಟ್ಟು ಮುಟ್ಟುವ ಮೊದಲೇ ನಿಲ್ಲಿಸಿ, ಬಾಗಿಲನ್ನು ಸೊಂಟದಿಂದ ಒಮ್ಮೆ ದೂಡಿ, ಮೊದಲ ಸಲ ಕುಂಯ್ ಎಂದಾಗ ಸುಮ್ಮನಿದ್ದು, ಮತ್ತೊಮ್ಮೆ ಎಂದಾಗ ಗುಂಡಿ ಒತ್ತಬೇಕು. ಹೆಚ್ಚು ಒತ್ತಿದರೆ ನಿಲ್ಲುತ್ತದೆ. ಒತ್ತದಿದ್ದರೂ ಕೆಲವೊಮ್ಮೆ ನಿಲ್ಲುತ್ತದೆ. ಸೊಸೆಗೆ ಇದೆಲ್ಲ ಕರಗತವಾಗಿತ್ತು. ಅತ್ತೆ, ಗಂಡ, ಮೈದುನ ಮೂವರಿಗೂ ಇದರ ಗಂಧಗಾಳಿ ಇರಲಿಲ್ಲ.

ಹೀಗಿರುವಾಗ ಬೇರೆ ಊರಿನಲ್ಲಿದ್ದ ಅವಳ ತಂಗಿಗೆ ಚೊಚ್ಚಲ ಹೆರಿಗೆ ಹತ್ತಿರ ಬಂತು. ತಾಯಿಯಿಲ್ಲದ ಹುಡುಗಿ. "ಅಕ್ಕಾ, ನೀನು ಬರದೆ ನಾನು ಆಸ್ಪತ್ರೆ ಮೆಟ್ಟಿಲು ಹತ್ತಲ್ಲ ನೋಡು" ಎಂದು ಫೋನಿನಲ್ಲಿ ಅತ್ತಳು.

"ಹೋಗಿ ಬಾಮ್ಮ, ಬೇಡ ಅಂದೋರ್ಯಾರು?" ಎಂದರು ಅತ್ತೆ. "ಬಟ್ಟೆ ಒಂದು ಒಗೆದಿಟ್ಟು ಹೋಗು."

"ಯಾವ ಬಟ್ಟೆ ಅತ್ತೆ?"

"ನೀನು ಬರೋ ತನಕ ಕೊಳೆ ಆಗೋದೆಲ್ಲಾ."

ಮೈದುನ ತಾನು ಕಲಿಯುತ್ತೇನೆಂದು ತೋಳೇರಿಸಿದ. ಗುಂಡಿಯನ್ನು ಚಂದ್ರನಲ್ಲಿಗೇ ತಂದು ನಿಲ್ಲಿಸಿದ. ಯಂತ್ರ ಗಡಗಡ ನಡುಗುತ್ತಾ ಅಡುಗೆಮನೆಯ ಬಾಗಿಲವರೆಗೂ ನಡೆದುಬಂತು. ಕಂಪನಿಯ ಮೆಕ್ಯಾನಿಕ್ಕನ್ನು ಕರೆಸಬೇಕಾಯಿತು.

ಮೆಕ್ಯಾನಿಕ್ಕು ಮನೆಮಂದಿಯೆಲ್ಲರ ಕೈಯಲ್ಲೂ ಗುಂಡಿ ತಿರುಗಿಸಿ ನೋಡಿದ. ಕೊನೆಗೆ ಸೊಸೆ ಸೊಂಟದಿಂದ ದೂಡಿದಳು. ಯಂತ್ರ ಓಡಿತು.

"ಯಂತ್ರದಲ್ಲಿ ದೋಷವಿಲ್ಲ. ಯಾವುದಿಲ್ಲದೆ ಯಂತ್ರ ನಡೆಯುವುದಿಲ್ಲವೋ ಅದನ್ನು ಯಂತ್ರದ ಬಿಡಿಭಾಗವೆಂದು ಭಾವಿಸತಕ್ಕದ್ದು ಅಂತ ನಿಯಮ ಇದೆ. ಈ ಅಮ್ಮ ಬಿಡಿಭಾಗ. ಇವರು ಮನೆ ಬಿಟ್ಟು ಹೋದರೆ ಗ್ಯಾರಂಟಿ ರದ್ದು" ಎಂದ ಮೆಕ್ಯಾನಿಕ್ಕು.

"ಗ್ಯಾರಂಟಿ ಇನ್ನೂ ಇದೆ ಕಣೇ" ಎಂದ ಗಂಡ ಮೆಲ್ಲಗೆ. ಹೆಂಡತಿಗೂ ಗ್ಯಾರಂಟಿ ಇದೆಯೆಂದು ಅವನಿಗೆ ಅಲ್ಲಿಯವರೆಗೆ ತಿಳಿದಿರಲಿಲ್ಲ.

ಸೊಸೆ ಒದ್ದೆ ಕೈ ಒರೆಸಿಕೊಂಡಳು. "ಯಂತ್ರವೇ ಕೆಟ್ಟರೆ?"

"ಸರ್ವಿಸ್ ಸೆಂಟರಿಗೆ ಒಯ್ಯುತ್ತೇವೆ. ಎಲ್ಲ ಬಿಡಿಭಾಗಗಳ ಸಮೇತ."

"ಯಾವ ಊರಿನ ಸೆಂಟರು?"

"ನಿಮಗೆ ಅನುಕೂಲವಾದದ್ದು."

ಮರುದಿನ ಬೆಳಿಗ್ಗೆ ಯಂತ್ರ ಕೆಟ್ಟಿತು. ಆಗ ಅದರ ಬಳಿ ಸೊಸೆಯೊಬ್ಬಳೇ ಇದ್ದಳು.

ಲಾರಿಯ ಹಿಂದೆ ಯಂತ್ರ, ಮುಂದೆ ಡ್ರೈವರನ ಪಕ್ಕ ಸೊಸೆ. "ಜೋಪಾನ ಕಣಪ್ಪ, ಗೀರು ಬೀಳಬಾರದು" ಎಂದರು ಅತ್ತೆ.

ತಂಗಿಯ ಊರಿನ ಸರ್ವಿಸ್ ಸೆಂಟರಿನಲ್ಲಿ ಗೋಡೆಗುಂಟ ಉದ್ದನೆಯ ಬೆಂಚು. ಒಬ್ಬ ಅಜ್ಜಿ ಸರಿದು ಜಾಗ ಕೊಟ್ಟರು.

"ನಿಂದೇನಮ್ಮ?"

"ಬಟ್ಟೆ ಒಗೆಯೋದು. ನಿಮ್ಮದು?"

"ಓವನ್ನು. ಆಫ್ ಮಾಡೋಕೆ ಸೂರ್ಯನ ಚಿತ್ರ ಒತ್ತಬೇಕು. ನನ್ನೊಬ್ಬಳಿಗೇ ಗೊತ್ತು. ಬೇಸಿಗೆ ಬಂತು ಅಂದ್ರೆ ಕೆಡತ್ತೆ ಪಾಪ. ಇಲ್ಲಿ ಫ್ಯಾನ್ ಗಾಳಿ ಸೊಗಸಾಗಿದೆ."

ಸಂಜೆ ಕದ ಹಾಕುವಾಗ ಬಿಡಿಭಾಗಗಳನ್ನು ಗಾಳಿಯಾಡಲು ಹೊರಗೆ ಬಿಡತಕ್ಕದ್ದೆಂಬ ನಿಯಮವಿತ್ತು. ಅಂಥದೊಂದು ಸಂಜೆ ಅಕ್ಕನ ಕೈ ಹಿಡಿದು ತಂಗಿ ಆಸ್ಪತ್ರೆಯ ಮೆಟ್ಟಿಲು ಹತ್ತಿದಳು. ಹೆಣ್ಣುಮಗು ಹುಟ್ಟಿತು.

ವಾರದ ಮೇಲೆ ಗಂಡ ಬಂದ. ಹೆಗಲ ಮೇಲೆ ಕೊಳೆಬಟ್ಟೆಯ ಮೂಟೆ.

"ಯಂತ್ರ ರೆಡಿ ಸಾರ್. ಬಿಡಿಭಾಗಕ್ಕೆ ಇನ್ನೊಂದು ತಿಂಗಳು ಬೇಕು" ಎಂದ ಅಲ್ಲಿಯ ಮೆಕ್ಯಾನಿಕ್ಕು.

ಗಂಡ ಬೆಂಚಿನತ್ತ ನೋಡಿದ. ಹೆಂಡತಿ ತಂಗಿಯ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ತಟ್ಟುತ್ತಿದ್ದಳು. "ಅದಕ್ಕೇನಾಗಿದೆ?"

"ವಿಪರೀತ ಕಾದುಬಿಟ್ಟಿದೆ. ಆರಬೇಕು."

"ಅಲ್ಲಿವರೆಗೂ ಬಟ್ಟೆ?"

"ಬದಲಿ ಬಿಡಿಭಾಗ ಅಳವಡಿಸಬಹುದು." ಮೆಕ್ಯಾನಿಕ್ಕು ಅವನ ಸೊಂಟವನ್ನು ಟೇಪಿನಿಂದ ಅಳೆದ. "ಸರಿಹೋಗುತ್ತೆ. ಒಂದು ವಾರ ಕೂತ್ಕೊಳ್ಳಿ."

"ಬಾಪ್ಪಾ, ಹೊಸಬರಿಗೆ ಮೊದಮೊದಲು ಸಂಕೋಚ ಆಗತ್ತೆ" ಎಂದು ಅಜ್ಜಿ ಇನ್ನಷ್ಟು ಸರಿದರು.

ಗಂಡ ಮೂಟೆ ಇಳಿಸಿ ಕುಳಿತ. ಆಫೀಸಿಗೆ ಫೋನ್ ಮಾಡಿ, ತಾನು ರಿಪೇರಿಗೆ ಸೇರಿರುವುದಾಗಿ ತಿಳಿಸಿದ. ಸಾಹೇಬರು ಯಾವ ಕಂಪನಿಯದೆಂದು ವಿಚಾರಿಸಿ, ಒಳ್ಳೆಯ ಕಂಪನಿಯೇ ಎಂದು ಸಮಾಧಾನ ಹೇಳಿ, ರಜೆ ಮಂಜೂರು ಮಾಡಿದರು.