ಕೋಪ ಬಂದರೆ ಹೋಗುವ ಕೋಣೆ

ಹೆಂಡತಿ: ಅದೆಲ್ಲ ಸರಿ. ನನಗೆ ಕೋಪ ಬಂದ್ರೆ ಎಲ್ಲಿಗೆ ಹೋಗ್ಲಿ? ಅದನ್ನ ಮೊದ್ಲು ಹೇಳಿ.

ಆರ್ಕಿಟೆಕ್ಟ್: ಮೇಡಂ, ಇಂಥ ಮನೇಲಿ ಕೋಪಾನೇ ಬರಲ್ಲ. ಗಾಳಿ, ಬೆಳಕು, ಹಸಿರು...

ಹೆಂಡತಿ: ಇವರೂ ಇರ್ತಾರಲ್ಲ?

(ನಾವು ಮೂವರೂ ನಮ್ಮ ಖಾಲಿ ಸೈಟಿನಲ್ಲಿ ನಿಂತಿದ್ದೆವು. ಮುಂದೆ ಕಟ್ಟಿಸಲಿರುವ ಮನೆಯನ್ನು ನೆಲದ ಮೇಲೆ ಸುಣ್ಣದ ಪುಡಿಯಲ್ಲಿ ಗೆರೆ ಎಳೆದು ತೋರಿಸಿದ್ದರು. ಒಳಗೆ ಅಡ್ಡಗೋಡೆಯೇ ಇಲ್ಲ. ಹಾಲ್, ಅಡುಗೆಮನೆ, ಮಂಚ ಎಲ್ಲ ಒಂದೇ ಬಯಲು. ಹಿಂದೆ ಉದ್ದಕ್ಕೂ ಗಾಜು. ಗಾಜು ಸರಿಸಿದರೆ ತೋಟ. ಇದನ್ನು ಒಂದು ಪತ್ರಿಕೆಯಲ್ಲಿ ಕಂಡು ಮರುಳಾದವನು ನಾನೇ. ಆ ಚಿತ್ರದಲ್ಲಿ ಮನುಷ್ಯರೇ ಇರಲಿಲ್ಲವೆಂಬುದು ಆಗ ಹೊಳೆಯಲಿಲ್ಲ.)

ಆರ್ಕಿಟೆಕ್ಟ್: ಕೋಪ ಬಂದ್ರೆ ಹಾಗೇ ತೋಟಕ್ಕೆ ಹೋಗ್ಬಿಡಿ.

ಹೆಂಡತಿ: ತಪ್ಪು ಇವರದು, ಮನೆ ಬಿಟ್ಟು ಹೋಗೋಳು ನಾನಾ?

ನಾನು: ಎಲ್ಲಿ ಹೋದ್ರೂ ಗಾಜಲ್ವೇನೇ, ಕಾಣ್ತಾನೇ ಇರ್ತೀಯ.

ಹೆಂಡತಿ: ಅದೇ ತೊಂದ್ರೆ. ಮುಖ ಕಾಣ್ತಿದ್ರೆ ಮುನಿಸು ಎಷ್ಟೊತ್ತು ನಿಲ್ಲುತ್ತೆ? ಅಲ್ಲಾರೀ, ಆ ಗಾಜಿನ ಬಾಗಿಲು ಹಾಕಿದ್ರೆ ಧಡ್ ಅನ್ನುತ್ತಾ?

ಆರ್ಕಿಟೆಕ್ಟ್ (ಹೆಮ್ಮೆಯಿಂದ): ಪಿಟಕ್ ಅನ್ನಲ್ಲ ಮೇಡಂ. ಒಂದು ಬೆರಳಲ್ಲಿ ತಳ್ಳಿದ್ರೆ ಸಾಕು.

ಹೆಂಡತಿ: ಮತ್ತೆ ನನಗೆ ಕೋಪ ಬಂದಿದೆ ಅಂತ ಇವರಿಗೆ ಹೇಗೆ ಗೊತ್ತಾಗ್ಬೇಕು?

(ನಮ್ಮ ಸಂಸಾರದ ಪದ್ಧತಿಯೇ ಹಾಗೆ. ಜಗಳವಾದರೆ ಅವಳು ಕೋಣೆಗೆ ಹೋಗಿ ಬಾಗಿಲು ಬಡಿಯುತ್ತಾಳೆ. ನಾನು ಹೊರಗೆ ನಿಂತು ಬಾಗಿಲಿಗೆ ‘ತಪ್ಪಾಯ್ತು’ ಎನ್ನುತ್ತೇನೆ. ಮುಖ ನೋಡಿದರೆ ಆ ಮಾತು ಗಂಟಲಿನಿಂದ ಮೇಲೆ ಬರುವುದಿಲ್ಲ. ಬಾಗಿಲ ಹಲಗೆಯ ಗುಣವೆಂದರೆ, ಅದು ಹುಬ್ಬು ಏರಿಸುವುದಿಲ್ಲ.)

ನಾನು (ಮೆಲ್ಲಗೆ): ಸಾರ್, ಒಂದು ಕೋಣೆ, ಒಂದು ಮರದ ಬಾಗಿಲು. ಅಷ್ಟು ಮಾಡ್ಕೊಡಿ.

ಆರ್ಕಿಟೆಕ್ಟ್: ಒಳಗೂ ಹೊರಗೂ ಭೇದವೇ ಇರಬಾರದು ಅಂದಿದ್ದು ನೀವೇ ಅಲ್ವಾ?

ನಾನು: ಅಂದೆ. ಆವತ್ತು ನಾನೊಬ್ನೇ ಬಂದಿದ್ದೆ.

(ಅವರು ನಿಟ್ಟುಸಿರು ಬಿಟ್ಟು, ಸುಣ್ಣದ ಪುಡಿಯನ್ನು ಮುಷ್ಟಿಯಲ್ಲಿ ಹಿಡಿದು, ಗಾಜಿನ ಗೆರೆಗೆ ತಾಗಿಸಿ ಒಂದು ಕೋಣೆ ಎಳೆದರು. ಬಾಗಿಲಿಗೆ ಜಾಗ ಬಿಟ್ಟರು.)

ಹೆಂಡತಿ: ಏನದು ಗುಸುಗುಸು?

ನಾನು: ನಿನಗೋಸ್ಕರ ಬಾಗಿಲು ಇಡಿಸ್ದೆ ಕಣೇ.

ಹೆಂಡತಿ: ನನಗೋಸ್ಕರಾನಾ? ತಪ್ಪಾಯ್ತು ಅನ್ನೋಕೆ ಮರೆ ಬೇಕಾಗಿರೋದು ಯಾರಿಗೆ? ಕಂಡವರ ಮುಂದೆ ನನ್ನನ್ನ ಜಗಳಗಂಟಿ ಮಾಡ್ತೀರಾ?

(ಬಿರಬಿರನೆ ನಡೆದಳು. ಗೆರೆ ತುಳಿಯದೆ, ಬಿಟ್ಟ ಜಾಗದಿಂದಲೇ ಒಳಗೆ ಹೋಗಿ, ಗಾಳಿಯಲ್ಲಿ ಬಾಗಿಲು ಎಳೆದು, ಬಾಯಲ್ಲೇ ‘ಧಡ್’ ಎಂದಳು. ಆಮೇಲೆ ಬೆನ್ನು ತಿರುಗಿಸಿ ನಿಂತಳು.)

ಆರ್ಕಿಟೆಕ್ಟ್ (ಒಂದು ಕಾಲು ಗೆರೆ ದಾಟಿಸಿ): ಮೇಡಂ, ಅದು...

ಹೆಂಡತಿ: ಗೋಡೆ ಒಳಗಿಂದ ಬರ್ತಿದೀರಲ್ರೀ!

(ಆರ್ಕಿಟೆಕ್ಟ್ ಸರಕ್ಕನೆ ಕಾಲು ಹಿಂದಕ್ಕೆಳೆದುಕೊಂಡರು.)

ಆರ್ಕಿಟೆಕ್ಟ್: ಸಾರಿ ಮೇಡಂ. ಮತ್ತೆ ಹೇಗೆ ಬರ್ಲಿ?

ಹೆಂಡತಿ: ತೋಟದ ಕಡೆಯಿಂದ ಬನ್ನಿ. ಗಾಜು ಸರಿಸಿದೀನಿ. ಗಾಳಿ ಚೆನ್ನಾಗಿದೆ ಇಲ್ಲಿ.

(ಅವರು ಸುತ್ತು ಹಾಕಿಕೊಂಡು ಹೊರಟರು. ನಾನು ಇಲ್ಲದ ಬಾಗಿಲ ಮುಂದೆ ನಿಂತೆ. ಅವಳ ಬೆನ್ನು, ಜಡೆ ಎಲ್ಲ ಕಾಣುತ್ತಿತ್ತು. ಕಣ್ಣು ಮುಚ್ಚಿಕೊಂಡೆ.)

ನಾನು: ತಪ್ಪಾಯ್ತು ಕಣೇ.

ಹೆಂಡತಿ: ಇನ್ನೊಂದ್ಸಲ ಹೇಳಿ. ಬಾಗಿಲು ದಪ್ಪ ಇದೆ, ಸರಿಯಾಗಿ ಕೇಳಿಸ್ಲಿಲ್ಲ.